ಬೆಟ್ಟ ಸತ್ತ ಸೂತಕ

ಕೆಲವರು ಮುಟ್ಟಿದ್ದೆಲ್ಲ ಚಿನ್ನವಾಗುತ್ತದಂತೆ. ನಾನು ತರ್ಜುಮೆ ಮಾಡಿದ್ದೆಲ್ಲ ರಾದ್ಧಾಂತವಾಗುತ್ತದೆ. ಒಂದು ಸಲ ಆಗಿದ್ದರೆ ಗ್ರಹಚಾರ ಅನ್ನಬಹುದಿತ್ತು. ಒಂದೇ ಕಾಫಿ ಕೊಯ್ಲಿನ ಕಾಲದಲ್ಲಿ ಸಾಲಾಗಿ ಆದರೆ ಅದನ್ನು ಪ್ರತಿಭೆ ಅಂತಲೇ ಕರೆಯಬೇಕು.

ಬ್ರಿಟಿಷರ ಕಾಲ. ಸೋಮವಾರಪೇಟೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಹಾಜರಿ ಬರೆಯುವುದು ಕೆಲಸ, ದೊರೆಯ ಮಾತನ್ನು ಆಳುಗಳಿಗೆ ಕನ್ನಡದಲ್ಲಿ ಹೇಳುವುದು ಅದರ ಮೇಲಿನ ಕಿರೀಟ. ನನ್ನ ಇಂಗ್ಲಿಷ್ ಎಂಥದ್ದೆಂದರೆ, ಒಮ್ಮೆ ಕೇಳಿದ ದೊರೆಗಳು ತಮ್ಮ ಇಂಗ್ಲಿಷಿನ ಮೇಲೇ ಅನುಮಾನಪಡುತ್ತಿದ್ದರು. ಆ ವರ್ಷ ಹೊಸ ದೊರೆ ಬಂದ. ಅದಕ್ಕೆ ಮೊದಲು ಜಾವಾ ದ್ವೀಪದಲ್ಲಿ, ಬೆಂಕಿ ಉಗುಳುವ ಬೆಟ್ಟವೊಂದರ ಬುಡದಲ್ಲಿ ಕಾಫಿ ಬೆಳೆದು ಬಂದವನು. ಅವನ ಟ್ರಂಕು ಇಳಿದ ದಿನದಿಂದ ಶುರುವಾಯಿತು.

ತೇಲುವ ಕಲ್ಲು

ಟ್ರಂಕಿನಲ್ಲಿ ಒಂದು ಕಲ್ಲಿತ್ತು. ಬೂದು ಬಣ್ಣ, ಮೈತುಂಬ ತೂತು, ಜೇನುತಟ್ಟಿಯ ಹಾಗೆ. ಬಂಗಲೆಯ ಅಡುಗೆಯವನು ಅದನ್ನು ತೊಳೆಯಲು ಹಂಡೆಗೆ ಹಾಕಿದ. ಕಲ್ಲು ಮುಳುಗಲಿಲ್ಲ. ಒತ್ತಿದರೂ ಮೇಲೆದ್ದು ಬಂತು.

ಅರ್ಧ ಗಂಟೆಯೊಳಗೆ ಲೈನಿನ, ಅಂದರೆ ಆಳುಗಳ ಮನೆಸಾಲಿನ, ಜನವೆಲ್ಲ ಬಂಗಲೆಯ ಹಿಂದೆ ನೆರೆದರು. ತೇಲುವ ಕಲ್ಲೆಂದರೆ ಲಂಕೆಗೆ ಸೇತುವೆ ಕಟ್ಟಿದ ಕಲ್ಲಲ್ಲದೆ ಇನ್ನೇನು? ಆಳುಗಳ ಮೇಸ್ತ್ರಿ ಕಾಯಿ ಒಡೆದ. ಕುಂಕುಮ ಬಿತ್ತು. ಹಂಡೆಯ ನೀರನ್ನು ಎಲ್ಲರೂ ಅಂಗೈಯೊಡ್ಡಿ ತೀರ್ಥವಾಗಿ ಕುಡಿದರು. ವಿದ್ಯಾವಂತನಾದ ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಆದ್ದರಿಂದ ಎರಡೇ ಸಲ ಕುಡಿದೆ.

ಆಗ ದೊರೆ ಬಂದ. ಅದು ಬೆಟ್ಟ ಉಗುಳಿದ ಕಲ್ಲೆಂದೂ, ಕರಗಿದ ಬಂಡೆಯೊಳಗಿನ ಗಾಳಿ ನೊರೆಯೆದ್ದು ಹಾಗೇ ಗಟ್ಟಿಯಾಗಿದೆಯೆಂದೂ, ತೂತಿನಲ್ಲಿ ಗಾಳಿಯಿರುವುದರಿಂದ ತೇಲುತ್ತದೆಂದೂ ವಿವರಿಸಿದ. ನಾನು ಹೇಳಿದೆ. ಜನ ಒಪ್ಪಲಿಲ್ಲ.

"ಹಂಗಾದ್ರೆ ದೊರೆ ಅದನ್ನ ಅಷ್ಟು ದೂರದಿಂದ ಯಾಕೆ ಹೊತ್ಕಂಡು ಬಂದ್ರು?" ಅಂದ ಮೇಸ್ತ್ರಿ. "ಪೂಜೆಗೇ ತಾನೆ?"

ನಾನು ದೊರೆಯನ್ನು ಕೇಳಿದೆ. ಅವನು ಬೂಟು ಬಿಚ್ಚಿ, ಕಲ್ಲು ತೆಗೆದುಕೊಂಡು, ಹಿಮ್ಮಡಿಯನ್ನು ಗಸಗಸ ಉಜ್ಜಿ ತೋರಿಸಿದ.

ಈ ಸಲ ತರ್ಜುಮೆ ಬೇಕಾಗಲಿಲ್ಲ.

ಬೂದಿ

ಜಾವಾದ ಬೆಟ್ಟದ ಕತೆ ಹೇಳುವುದೆಂದರೆ ದೊರೆಗೆ ಚಟ. ಹಣ್ಣು ಅಳೆಯುವ ಹೊತ್ತಿಗೆ ಕಣಕ್ಕೆ ಬಂದು ನಿಲ್ಲುತ್ತಿದ್ದ. ನಾನು ಕನ್ನಡಕ್ಕೆ ಇಳಿಸುತ್ತಿದ್ದೆ.

"ಬೆಂಕಿಯ ಹೊಳೆಗೆ ಹೆದರಬೇಕಿಲ್ಲವಂತೆ," ಅಂದೆ. "ಅದು ಎಮ್ಮೆ ನಡೆದ ಹಾಗೆ ನಿಧಾನ ಬರುತ್ತದೆ, ಜನ ಓಡಬಹುದು. ಬಿಸಿ ಹೊಗೆ ಬೂದಿ ಸೇರಿ ಮೋಡವಾಗಿ ಇಳಿಯಿತೋ, ಕುದುರೆಯ ಮೇಲಿದ್ದವನೂ ತಪ್ಪಿಸಿಕೊಳ್ಳಲಾರ. ಮಳೆ ಬಂದರೆ ಬೂದಿಯೆಲ್ಲ ಕೆಸರಾಗಿ ಹೊಳೆಗುಂಟ ನುಗ್ಗಿ ಊರನ್ನೇ ಹೂತುಬಿಡುತ್ತದೆ. ತಗ್ಗಿನಲ್ಲಿ ವಿಷದ ಗಾಳಿ ನಿಂತು ನಾಯಿ, ದನ ನಿಂತಲ್ಲೇ ಬೀಳುತ್ತವೆ."

ಲೈನಿನಲ್ಲಿ ಒಬ್ಬಳು ಅಜ್ಜಿಯಿದ್ದಳು. ಹಲ್ಲು ಮೂರು, ನಾಲಗೆ ನೂರು. "ಬೂದಿಗೆ ಯಾಕೆ ಹೆದರ್ಬೇಕು ರೈಟ್ರೇ? ನಾವು ದಿನಾ ಹಣೆಗೆ ಹಚ್ಕತೀವಲ್ಲ."

"ಇದು ಹಣೆಗಲ್ಲ ಅಜ್ಜಿ, ಮನೆಯ ಮಾಡಿಗೆ. ನೆನೆದ ಬೂದಿ ಒಂದು ಗೇಣು ಕೂತರೆ ತೊಲೆ ಮುರಿಯುತ್ತದಂತೆ. ಸೂರು ಬಿದ್ದು ಸತ್ತವರೇ ಎಷ್ಟೋ ಮಂದಿ."

"ಅಂಥ ಕಡೆ ಮನುಷ್ಯರು ಯಾಕೆ ಇರ್ತಾರೆ?"

ದೊರೆ ಹೇಳಿದ: ಆ ಬೂದಿಯೇ ಕಾಲಾಂತರದಲ್ಲಿ ಮಣ್ಣಾಗುತ್ತದೆ. ಅಂಥ ಫಲವತ್ತಾದ ಮಣ್ಣು ಬೇರೆಲ್ಲೂ ಇಲ್ಲ. ಅನ್ನಕ್ಕಾಗಿ ಅಲ್ಲೇ ಇರುತ್ತಾರೆ.

ಅಜ್ಜಿ ಎಲೆಯಡಿಕೆ ಉಗಿದು ಹೇಳಿದಳು: "ಅಂದ್ರೆ ಕೊಲ್ಲೋದೂ ಅದೇ, ಸಾಕೋದೂ ಅದೇ. ನಮ್ಮ ದೊರೆಗಳ ಥರ ಅನ್ನಿ."

ಆಳುಗಳೆಲ್ಲ ಗೊಳ್ಳೆಂದರು. "ಏನು ಹೇಳಿದಳು?" ಅಂತ ದೊರೆ ಕೇಳಿದ.

"ತಮ್ಮನ್ನು ಹೊಗಳಿದಳು ಸರ್," ಅಂದೆ. ದೊರೆ ಟೋಪಿ ತೆಗೆದು ಅಜ್ಜಿಗೆ ವಂದಿಸಿದ.

ಮಾಗಮ್ಮನ ಗಂಜಿ

ಕತೆಯ ಫಲ ಒಂದು ವಾರದಲ್ಲೇ ಸಿಕ್ಕಿತು. ತೋಟದ ಮೇಲಿನ ಬೆಟ್ಟದಲ್ಲಿ ಯಾರೋ ಒಣಹುಲ್ಲಿಗೆ ಬೆಂಕಿಯಿಟ್ಟಿದ್ದರು. ನೆತ್ತಿಯಲ್ಲಿ ಹೊಗೆ ಕಂಡದ್ದೇ ತಡ, ಆಳುಗಳು ಹಣ್ಣಿನ ಬುಟ್ಟಿ ಅಲ್ಲಲ್ಲೇ ಬಿಟ್ಟು ಲೈನಿಗೆ ಓಡಿದರು. ಗಿಡದ ತುಂಬ ಹಣ್ಣು ಕೆಂಪಾಗಿ ನಿಂತಿತ್ತು. ಎಂಟು ದಿನ ತಡವಾದರೆ ಎಲ್ಲ ಉದುರಿ ಮಣ್ಣುಪಾಲು. ದೊರೆ ನನ್ನನ್ನು ಕರೆದು ಹೇಳಿದ: "ಇವರ ಹೆದರಿಕೆ ನೀನೇ ಬಿಡಿಸಬೇಕು. ಬೆಳೆ ಹೋದರೆ ನೀನೂ ಹೋದೆ."

ನನ್ನಂಥ ದುಭಾಷಿಗೆ ಇದೊಂದು ಕೆಲಸವೇ! ಎಲ್ಲರನ್ನೂ ಕಣದಲ್ಲಿ ಕೂರಿಸಿದೆ. ದೊರೆ ಬುಡದಿಂದ ಶುರುಮಾಡಿದ. ನೆಲದಾಳದಲ್ಲಿ ಬಂಡೆ ಭಯಂಕರ ಕಾದಿರುತ್ತದೆ, ಆದರೆ ಮೇಲಿನ ಭಾರ ಅದುಮಿ ಹಿಡಿದಿರುವುದರಿಂದ ಕರಗುವುದಿಲ್ಲ. ಭಾರ ಕಡಿಮೆಯಾದರೆ ಕರಗುತ್ತದೆ. ಇಲ್ಲವೇ ಎಲ್ಲಿಂದಲೋ ನೀರು ಸೇರಿಕೊಂಡರೆ ಕರಗುತ್ತದೆ. ಕರಗಿದ್ದು ಸುತ್ತಲಿನ ಬಂಡೆಗಿಂತ ಹಗುರ, ಹಾಗಾಗಿ ಮೇಲಕ್ಕೇರುತ್ತದೆ. ಅದರ ಹೆಸರು ಮ್ಯಾಗ್ಮ.

"ಕಲ್ಲು ಬೆಂದು ಗಂಜಿಯಾಗುತ್ತದೆ," ಅಂತ ನಾನು ಸಾರಿದೆ. "ಆ ಗಂಜಿಗೆ ಮ್ಯಾಗ್ಮ ಅನ್ನುತ್ತಾರೆ."

"ಯಾವೂರ ಮಾಗಮ್ಮ?" ಅಂದಳು ಅಜ್ಜಿ.

"ಮಾಗಮ್ಮ ಅಲ್ಲ ಅಜ್ಜಿ, ಗಂಜಿ! ಅದರಲ್ಲಿ ಗಾಳಿ ಸೇರಿರುತ್ತದೆ. ಗೋಲಿ ಸೋಡದ ಗೋಲಿ ಒತ್ತಿದಾಗ ಬುಸ್ಸೆಂದು ಉಕ್ಕುವುದಿಲ್ಲವೇ, ಹಾಗೆ ಬೆಟ್ಟದ ಬಾಯಿಂದ ಉಕ್ಕುತ್ತದೆ."

ಕೊನೆಗೆ ದೊರೆ ಅಭಯ ಕೊಟ್ಟ: ಈ ಬೆಟ್ಟದ ಕಲ್ಲೂ ಒಂದು ಕಾಲದಲ್ಲಿ ಆಳದಲ್ಲಿ ಕರಗಿದ್ದದ್ದೇ. ಈಗ ತಣ್ಣಗಾಗಿದೆ. ಡೆಡ್. ಸ್ಟೋನ್ ಡೆಡ್.

ನಾನು ಎದೆಯುಬ್ಬಿಸಿ ಕೂಗಿದೆ: "ಯಾರೂ ಹೆದರಬೇಡಿ! ನಮ್ಮ ಬೆಟ್ಟ ಸತ್ತಿದೆ!"

ಆ ಬೆಟ್ಟವನ್ನು ಲೈನಿನವರು ಬೆಟ್ಟದಯ್ಯ ಅನ್ನುತ್ತಿದ್ದರು, ತಲೆತಲಾಂತರದ ಹಿರಿಯ. ಮೇಸ್ತ್ರಿ ಮೆಲ್ಲನೆ ತಲೆಯ ರುಮಾಲು ತೆಗೆದ. ಒಬ್ಬಳು ಸೆರಗು ಬಾಯಿಗಿಟ್ಟು ರಾಗ ಎಳೆದಳು.

"ಈಗ ಹೆದರಿಕೆ ಹೋಯಿತೇ?" ಅಂದ ದೊರೆ.

"ಪೂರ್ತಿ ಹೋಯಿತು ಸರ್," ಅಂದೆ. "ಹನ್ನೊಂದು ದಿನ ಸೂತಕವಂತೆ. ಅಲ್ಲಿಯವರೆಗೆ ಯಾರೂ ಗಿಡ ಮುಟ್ಟುವುದಿಲ್ಲ."

ನಿದ್ದೆ

ದೊರೆ ನನ್ನ ಪೆಟ್ಟಿಗೆಯನ್ನು ಎತ್ತಿನ ಗಾಡಿಗೆ ಹೇರಿಸಿದ. ಎತ್ತು ಕಟ್ಟುವುದರೊಳಗೆ ಏನಾದರೂ ಮಾಡಬೇಕಿತ್ತು. ನನ್ನ ತಲೆ ಸಾಮಾನ್ಯದ್ದೇ? ಲೈನಿಗೆ ಓಡಿದೆ.

"ತಪ್ಪು ಕೇಳಿಸಿಕೊಂಡೆನಪ್ಪ! ಬೆಟ್ಟದಯ್ಯ ಸತ್ತಿಲ್ಲ. ಮಲಗಿದ್ದಾನೆ ಅಷ್ಟೆ. ಸೂತಕ ಇಲ್ಲ!"

ಮೇಸ್ತ್ರಿಯ ಮುಖ ಅರಳಿತು. ಆಮೇಲೆ ನಿಧಾನವಾಗಿ ಬಾಡಿತು. "ಮಲಗಿದ್ರೆ ಏಳ್ತಾನಲ್ಲ?"

"ಅದು... ಏಳಬಹುದು."

"ಎದ್ದರೆ?"

ಇಡೀ ಲೈನು ಗಂಟು ಕಟ್ಟತೊಡಗಿತು. ಸೂತಕದಲ್ಲಿ ಹನ್ನೊಂದು ದಿನ ಹೋಗುತ್ತಿತ್ತು; ಈಗ ಇಡೀ ಕೊಯ್ಲಿನ ಕಾಲವೇ ಹೊರಟಿತ್ತು. ಎಲ್ಲರಿಗಿಂತ ಮುಂದೆ ನಡೆದ ಮೇಸ್ತ್ರಿ, ಹೊರಡಲು ಸಿದ್ಧವಾಗಿದ್ದ ಗಾಡಿ ಕಂಡು ಒಳ್ಳೆಯದೇ ಆಯಿತೆಂದು ನನ್ನ ಪೆಟ್ಟಿಗೆ ಇಳಿಸಿ ತನ್ನದನ್ನು ಹೇರಿದ. ಹೀಗೆ ನನ್ನ ಕೆಲಸ ಆ ಹೊತ್ತಿಗೆ ಉಳಿಯಿತು.

ಹಕ್ಕುದಾರ

ದಾರಿ ತೋರಿಸಿದ್ದು ಅಜ್ಜಿ. ಗಂಟಿನ ಮೇಲೆ ಕೂತೇ ಕೇಳಿದಳು: "ಸತ್ತಿದ್ದು ನಿಜವೋ, ಮಲಗಿದ್ದು ನಿಜವೋ? ಕರ್ಪೂರ ಮುಟ್ಟಿ ಹೇಳಿ ರೈಟ್ರೇ."

"ಸತ್ತಿದ್ದೇ ನಿಜ ಅಜ್ಜಿ."

"ಯಾವಾಗ ಸತ್ತಿದ್ದು?"

ದೊರೆಯನ್ನು ಕೇಳಿ ಬಂದೆ. "ಮನುಷ್ಯರು ಹುಟ್ಟುವುದಕ್ಕೂ ಎಷ್ಟೋ ಮೊದಲು."

ಅಜ್ಜಿ ಎದ್ದು ನಿಂತಳು. "ಹಂಗಾದ್ರೆ ಸುದ್ದಿ ತಡವಾಗಿ ಬಂದಿರೋದು! ತಡವಾಗಿ ಬಂದ ಸಾವಿನ ಸುದ್ದಿಗೆ ತಲೆ ಮೇಲೆ ನೀರು ಹಾಕ್ಕಂಡ್ರೆ ಸೂತಕ ಮುಗೀತು. ಹೊಳೆಗೆ ನಡೀರಿ ಎಲ್ಲ!"

ನಾನು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಅಜ್ಜಿ ಅಂದಳು: "ನೀರು ಸಾಕಾಗೋದು ನೆಂಟರಿಗೆ. ಮಗ ಆದೋನು ತಲೆ, ಮೀಸೆ ಬೋಳಿಸ್ಬೇಕು. ಆಮೇಲೇ ನಾವು ಬುಟ್ಟಿ ಹಿಡಿಯೋದು."

"ಬೆಟ್ಟಕ್ಕೆ ಎಲ್ಲಿಯ ಮಗ ಅಜ್ಜಿ?"

"ಆಸ್ತಿ ಯಾರಿಗೋ ಕರ್ಮ ಅವರಿಗೆ. ಹಿಂದಿನ ತಿಂಗಳು ಬೆಟ್ಟದ ಸುತ್ತ ಕಲ್ಲು ನೆಡಿಸಿ, ಇದು ನಂದು, ಸೌದೆಗೆ ಯಾರೂ ಹತ್ತಕೂಡದು ಅಂದೋರು ಯಾರು?"

ನಾನು ಬಂಗಲೆಗೆ ಹೋದೆ. ದೊರೆಗೆ ಕೆಂಪು ಮೀಸೆ. ಎರಡೂ ತುದಿ ಮೇಣ ಹಚ್ಚಿ ತಿರುವಿದ್ದು. ವಿಷಯ ಕೇಳಿ ಆ ತುದಿಗಳು ನಡುಗಿದವು.

"ಸಾಧ್ಯವಿಲ್ಲ! ನಾನು ಆ ಬೆಟ್ಟದ ಯಾರೂ ಅಲ್ಲ ಅಂತ ಹೇಳು."

ಹೇಳಿದೆ. ಅಜ್ಜಿಗೆ ಸಂತೋಷವೋ ಸಂತೋಷ. "ಬೆಟ್ಟ ಅವರದ್ದಲ್ಲ ಅಂತ ಅವರ ಬಾಯಲ್ಲೇ ಬಂತಲ್ಲ! ನಡೀರೇ, ಕತ್ತಿ ತನ್ನಿ, ಸೌದೆಗೆ ಹೋಗಾಣ."

ಮತ್ತೆ ಬಂಗಲೆಗೆ ಓಡಿದೆ. ದೊರೆ ಕಿಟಕಿಯಿಂದ ಬೆಟ್ಟ ನೋಡಿದ. ಉದುರಲು ಕಾದಿದ್ದ ಹಣ್ಣು ನೋಡಿದ. ಕೊನೆಗೆ ಕನ್ನಡಿ ನೋಡಿದ. ನಾನೇ ಚೌಕಾಸಿ ಮಾಡಿ ತಲೆಗೂದಲು ಉಳಿಸಿಕೊಟ್ಟೆ. ನನ್ನ ಜಾಣತನದ ಬಗ್ಗೆ ಇನ್ನು ನೀವೇ ತೀರ್ಮಾನಿಸಿ. ಸೋಮವಾರಪೇಟೆಯಿಂದ ಕ್ಷೌರದವನು ಬಂದ. ಹೊಳೆಯ ದಂಡೆಯಲ್ಲಿ, ಇಡೀ ಲೈನು ನೋಡುತ್ತಿರಲು, ಮೀಸೆ ನೀರಿಗೆ ಬಿತ್ತು. ಮಧ್ಯಾಹ್ನಕ್ಕೆ ಎಲ್ಲರ ಕೈಯಲ್ಲೂ ಬುಟ್ಟಿ.

ಆ ಭಾನುವಾರ ದೊರೆಯ ಕಾಗದಪತ್ರ ಹಿಡಿದು ನಾನೂ ಪ್ಲಾಂಟರುಗಳ ಕ್ಲಬ್ಬಿಗೆ ಹೋಗಿ ಜಗಲಿಯಲ್ಲಿ ನಿಂತಿದ್ದೆ. ದೊರೆ ಒಳಗೆ ಹೆಜ್ಜೆಯಿಟ್ಟದ್ದೇ ಎಲ್ಲರ ಕಣ್ಣೂ ಅವನ ಮೂಗಿನ ಕೆಳಗೆ.

"ಏನಪ್ಪ ಇದು, ಮೀಸೆ ಎಲ್ಲಿ?" ಅಂದ ಒಬ್ಬ ಮುದಿ ಪ್ಲಾಂಟರು.

ದೊರೆ ಬೋಳು ಮೇಲ್ದುಟಿ ಸವರಿಕೊಂಡ. "ಸಾವಾಗಿತ್ತು. ಇಲ್ಲಿಯ ಪದ್ಧತಿ," ಅಂದ.

ಎಲ್ಲರೂ ಗ್ಲಾಸು ಕೆಳಗಿಟ್ಟು ಎದ್ದು ನಿಂತರು. ಮುದುಕ ಅವನ ಹೆಗಲ ಮೇಲೆ ಕೈಯಿಟ್ಟ. "ತಂದೆಯೇ? ಪಾಪ. ಏನಾದರೂ ಆಸ್ತಿ ಬಿಟ್ಟುಹೋದರೇ?"

"ಒಂದು ಬೆಟ್ಟ," ಅಂದ ನಮ್ಮ ದೊರೆ.