ಹಸಿರು ಚುಕ್ಕೆಯ ಸಾಹೇಬರು

ನೋಡಲು ಚೆಂದವಾದ ವಸ್ತುಗಳೆಂದರೆ ನನಗೆ ಮೊದಲಿನಿಂದಲೂ ಅಳುಕು. ನಮ್ಮ ಡೊಂಬಿವಲಿ ಮನೆಯಲ್ಲೊಂದು ಗಾಜಿನ ಜಗ್ಗಿದೆ. ಹಂಸದ ಕೊರಳಿನಂಥ ಮೂತಿ. ಬಂದವರೆಲ್ಲ ಹೊಗಳುತ್ತಾರೆ, ನೀರು ಬಗ್ಗಿಸಿದರೆ ಮಾತ್ರ ಹೊಗಳಿದವರ ತೊಡೆಯ ಮೇಲೇ ಬೀಳುತ್ತದೆ. ಇಷ್ಟು ಅನುಭವವಿದ್ದೂ, ಭಿವಂಡಿಯ ನಮ್ಮ ಗೋದಾಮಿನ ಕಚೇರಿಗೆ ಹೊಸ ಸಾಫ್ಟ್‌ವೇರ್ ಬಂದಾಗ ನಾನೂ ಎಲ್ಲರಂತೆ ಸೆರಗು ನೋಡಿ ಸೀರೆ ಆರಿಸಿದೆ. ಹಳೆಯದು ಕಪ್ಪು ಪರದೆ, ಬಿಳಿ ಅಕ್ಷರ. ಕುರೂಪಿ, ಆದರೆ ಹೇಳಿದ ಕೆಲಸ ಮಾಡುತ್ತಿತ್ತು. ಹೊಸದರಲ್ಲಿ ತಿಳಿನೀಲಿ ಹಿನ್ನೆಲೆ, ದುಂಡು ಚೌಕಟ್ಟಿನಲ್ಲಿ ಪ್ರತಿಯೊಬ್ಬರ ಮುಖ, ಮುಖದ ಪಕ್ಕ ‘ಹಾಜರಿದ್ದಾರೆ’ ಎನ್ನುವ ಹಸಿರು ಚುಕ್ಕೆ.

ಆ ದೀಪಾವಳಿ ಮುಗಿಯುತ್ತಲೇ ನಮ್ಮ ಮ್ಯಾನೇಜರ್ ಕುಲಕರ್ಣಿ ಸಾಹೇಬರು ತೀರಿಕೊಂಡರು. ಅವರ ಫೋಟೊ ಗೋಡೆಗೇರಿತು, ಮಾಲೆ ಬಿತ್ತು. ಅದೇ ಫೋಟೊ ಪರದೆಯಲ್ಲೂ ಉಳಿಯಿತು, ಚುಕ್ಕೆ ಸಮೇತ. ಗೋಡೆಯ ಮೇಲೆ ಕೈಲಾಸವಾಸಿ, ಕಂಪ್ಯೂಟರಿನಲ್ಲಿ ಹಾಜರು. ಬೆಳಿಗ್ಗೆ ಊದಿನಕಡ್ಡಿ ಹಚ್ಚಿ ಇತ್ತ ತಿರುಗಿದರೆ ಮೇಜಿನ ಮೇಲಿಂದಲೂ ಅವರೇ ನಗುತ್ತಿದ್ದರು.

ಅದನ್ನೂ ಸಹಿಸಬಹುದಿತ್ತು. ಆದರೆ ಧಾರವಾಡದಲ್ಲಿ ಮಗಳ ನಿಶ್ಚಿತಾರ್ಥ ಗೊತ್ತಾಯಿತು. ನಾಲ್ಕು ದಿನ ರಜೆ ಕೇಳಿ ಗುಂಡಿ ಒತ್ತಿದೆ. ಅರ್ಜಿ ಹಕ್ಕಿಯಾಗಿ ಹಾರಿ ಸೀದಾ ಕುಲಕರ್ಣಿ ಸಾಹೇಬರ ಮುಖದೊಳಗೆ ಹೊಕ್ಕಿತು. ಮಾಲೀಕರ ಹತ್ತಿರ ಹೋದರೆ, “ಸಿಸ್ಟಮ್ ಮೇಂ ಅಪ್ರೂವಲ್ ಹೋನಾ ಚಾಹಿಯೆ, ಮ್ಯಾಡಮ್” ಎಂದರು. ಪರದೆಯಲ್ಲಿ ಮಂಜೂರಾಗದೆ ರಜೆ ಹಾಕಿದರೆ ಗೇಟಿನ ಕಾರ್ಡು ನಿಂತುಹೋಗುತ್ತದೆ. ಆಮೇಲೆ ನೌಕರಿಯೂ ಅಷ್ಟೇ.

ಈ ಹೊಸ ಪರದೆಯನ್ನು ಮಾಡಿಕೊಟ್ಟ ಹುಡುಗಿ ಸ್ನೇಹಾ ಐರೋಲಿಯವಳು. ಮಂಗಳೂರಿನವರ ಮಗಳು, ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. “ಸಾಹೇಬರ ಹೆಸರು ತಗಿಯೋ ಬಟನ್ ಎಲ್ಲೈತವ್ವಾ ಅದರಾಗ?” ಎಂದು ಫೋನಿನಲ್ಲಿ ಕೇಳಿದೆ.

“ನಹೀ ಹೈ, ಆಂಟಿ. ಲಾಲ್ ಬಟನ್ ಥಾ, ಸ್ಕ್ರೀನ್ ಗಂದಾ ಲಗತಾ ಥಾ. ಆಪ್ ಲೋಗೋಂ ನೇ ಹೀ ಬೋಲಾ, ನಿಕಾಲೋ.”

ನಿಜ. ಆ ಕೆಂಪು ಗುಂಡಿ ಕಣ್ಣಿಗೆ ಹೊಡೆಯುತ್ತದೆ, ತೆಗೆದುಹಾಕು ಎಂದವರಲ್ಲಿ ನಾನೇ ಮೊದಲಿಗಳು. ಮತ್ತೆ ಕೂಡಿಸಲು ತಿಂಗಳು ಬೇಕಂತೆ. ನಿಶ್ಚಿತಾರ್ಥ ಮುಂದಿನ ವಾರ.

ಮನೆಯಲ್ಲಿ ಯಜಮಾನರಿಗೆ ನಗುವೋ ನಗು. “ಸತ್ತವರ ಕಡೆ ರಜಾ ಬೇಡೋದಿದ್ರ ಪಕ್ಷಮಾಸದ ತನಕಾ ಕಾಯಬೇಕಲ್ಲ! ಎರಡು ವಡಿ, ಒಂಚೂರು ಪಾಯಸಾ ಇಟ್ರ ಆಗಿಬಿಡ್ತೈತಿ.”

“ಸುಮ್ಮನಿರ್ರಿ, ಬೀಗರ ಮುಂದ ಹಿಂಗ ಅಂದುಗಿಂದೀರಿ” ಎಂದೆ. ನನಗೆ ನಗು ಬರಲಿಲ್ಲ.

ಮರುದಿನ ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತಿದ್ದೆ. ಪಕ್ಕದ ಕಾರ್ಖಾನೆಯ ಮಗ್ಗಗಳ ಸದ್ದು ಒಮ್ಮೆಲೇ ನಿಂತಿತು. ಕರೆಂಟು ಹೋಗಿರಬೇಕು ಎಂದುಕೊಂಡೆ, ನಮ್ಮಲ್ಲಿ ಹೋಗಿರಲಿಲ್ಲ. ಪರದೆಯ ಮೇಲೆ ನನ್ನ ರಜೆ ಅರ್ಜಿಯ ಪಕ್ಕದ ‘ಕಳುಹಿಸಲಾಗಿದೆ’ ಎಂಬುದು ಅಳಿಸಿ ‘ನೋಡಿದ್ದಾರೆ’ ಎಂದು ಬಂತು. ಪಕ್ಕದ ಮೇಜಿನ ಶಿಂದೆಬಾಯಿ ಕೈಯಲ್ಲಿದ್ದ ಚಪಾತಿ ಕೆಳಗಿಟ್ಟು, “ಕಾಯ್ ಗ ಹೇ?” ಇದೇನೇ ಎಂದು ಪಿಸುಗುಟ್ಟಿದರು. ನೋಡನೋಡುತ್ತ ‘ಮಂಜೂರು’ ಎಂದೂ ಬಂತು. ಪರದೆಯ ತುಂಬ ಬಣ್ಣದ ಹೂವು ಉದುರಿದವು. ಅದನ್ನೂ ನಾವೇ ಇಷ್ಟಪಟ್ಟು ಹಾಕಿಸಿದ್ದು.

ಸ್ನೇಹಾಳಿಗೆ ಫೋನ್ ಮಾಡಿದೆ. ಯಾವತ್ತೂ ಇಲ್ಲದ್ದು, ಕನ್ನಡದಲ್ಲಿ ಹೇಳಿದಳು: “ಆಂಟಿ, ಅವರ ಪಾಸ್‌ವರ್ಡ್ ಅವರು ತೀರಿಕೊಂಡಾಗಲೇ ನಾನು ಬಂದ್ ಮಾಡಿದ್ದೇನೆ.”

ಆಗ ಕನ್ನಡಕ ಏರಿಸಿಕೊಂಡು ಸರಿಯಾಗಿ ನೋಡಿದೆ. ಕೇಳಿದ್ದು ನಾಲ್ಕು ದಿನ, ಮಂಜೂರಾದದ್ದು ಮೂರು. ಯಂತ್ರದ ತಪ್ಪೆಂದು ದೂರಬಹುದಿತ್ತು. ದೂರಲಿಲ್ಲ. ನಿಶ್ಚಿತಾರ್ಥಕ್ಕೆ ಬೇಕಾಗಿದ್ದುದು ಮೂರೇ ದಿನ. ಇನ್ನೊಂದನ್ನು ಮನೆಯಲ್ಲಿ ಮುಸುಕು ಹೊದ್ದು ಮಲಗಲೆಂದು ಸೇರಿಸಿದ್ದೆ. ಅದನ್ನು ನಾನು ಗಂಡನಿಗೂ ಹೇಳಿರಲಿಲ್ಲ.