ವಿಶ್ರಾಂತಿ ಪಕ್ಷದ ಹತ್ತನೇ ಸಹಿ

ಬರೋಡಾದಿಂದ ಗೆದ್ದು ಲೋಕಸಭೆಗೆ ಹೋಗಿಯೇ ತೀರುತ್ತೇನೆ ಎಂದು ನಾನು ತೀರ್ಮಾನಿಸಿದ್ದು ಒಂದು ಮಂಗಳವಾರ ಬೆಳಿಗ್ಗೆ, ಉಪ್ಪಿಟ್ಟು ತಿನ್ನುತ್ತಾ. ದೇಶಕ್ಕೆ ನನ್ನಂಥವನ ಅಗತ್ಯ ಇದೆಯೋ ಇಲ್ಲವೋ ಎಂದು ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಇವತ್ತು ಹೀಗೆ ನಿಮ್ಮ ಮುಂದೆ ತಪ್ಪೊಪ್ಪಿಕೊಳ್ಳುವ ಗತಿ ಬರುತ್ತಿರಲಿಲ್ಲ.

ನಾನು ಭೀಮಸೇನ, ಬಾಗಲಕೋಟೆಯವನು. ಇನ್ಶೂರೆನ್ಸ್ ಕಚೇರಿಯ ವರ್ಗಾವಣೆಯಲ್ಲಿ ಬರೋಡಾದ ಅಲ್ಕಾಪುರಿಗೆ ಬಂದವನು ಇಪ್ಪತ್ತಾರು ವರ್ಷ ಇಲ್ಲೇ ಬೇರೂರಿದೆ. ಆ ಕಾಲದಲ್ಲಿ ನನ್ನ ಸಹಿ ಬೀಳದೆ ಒಂದು ಕ್ಲೇಮೂ ಪಾಸಾಗುತ್ತಿರಲಿಲ್ಲ. ಆಹಾ, ಆ ಸಹಿಯ ಗತ್ತೇನು, ಅದಕ್ಕಾಗಿ ಬಾಗಿಲಲ್ಲಿ ನಿಂತವರ ಸಾಲೇನು! ರಿಟೈರಾದ ಮಾರನೇ ದಿನದಿಂದ ನನ್ನ ಸಹಿ ಕೇಳುವವನು ಕೊರಿಯರಿನವನೊಬ್ಬನೇ, ಅದೂ ಹೆಂಡತಿ ಮನೆಯಲ್ಲಿ ಇಲ್ಲದಿದ್ದರೆ ಮಾತ್ರ. ಬೆಳಗಾದರೆ ಯಾರಿಗೂ ನಾನು ಬೇಕಾಗಿಲ್ಲ. ಈಗ ನಗುತ್ತಾ ಹೇಳುತ್ತಿದ್ದೇನೆ, ಆಗ ನಗು ಬರುತ್ತಿರಲಿಲ್ಲ. ಎಷ್ಟೋ ದಿನ ಬಾಲ್ಕನಿಯಲ್ಲಿ ಸುಮ್ಮನೆ ಕೂತು ಕಣ್ಣು ಒರೆಸಿಕೊಂಡದ್ದುಂಟು.

ಅಂಥ ಹೊತ್ತಿನಲ್ಲಿ ಪೇಪರಿನ ಮೂಲೆಯಲ್ಲಿ ಒಂದು ಜಾಹೀರಾತು ಕಂಡಿತು. 'ರಾಷ್ಟ್ರೀಯ ವಿಶ್ರಾಂತಿ ಪಕ್ಷಕ್ಕೆ ಲೋಕಸಭಾ ಅಭ್ಯರ್ಥಿಗಳು ಬೇಕಾಗಿದ್ದಾರೆ. ಅನುಭವ ಬೇಕಿಲ್ಲ.' ಪ್ರಣಾಳಿಕೆ ಒಂದೇ ಸಾಲಿನದು: ಮಧ್ಯಾಹ್ನ ಊಟವಾದ ಮೇಲೆ ದೇಶದ ಪ್ರತಿಯೊಬ್ಬನಿಗೂ ಒಂದು ತಾಸು ನಿದ್ದೆ, ಕಾನೂನಿನ ಪ್ರಕಾರ! ನನಗೆ ರೋಮಾಂಚನವಾಯಿತು. ಇಡೀ ಜೀವನದಲ್ಲಿ ಯಾವ ಪಕ್ಷದ ಸಿದ್ಧಾಂತವೂ ನನಗೆ ಇಷ್ಟು ಒಪ್ಪಿರಲಿಲ್ಲ.

"ಪದ್ಮಾ, ನಾ ಎಲೆಕ್ಷನ್ನಿಗೆ ನಿಲ್ಲತೀನಿ," ಎಂದೆ.

"ಮೊದಲ ಎದ್ದು ಆ ಪ್ಲೇಟ್ ಸಿಂಕಿನಾಗ ಇಡ್ರಿ," ಎಂದಳು ನನ್ನ ಹೆಂಡತಿ ಪದ್ಮಾವತಿ.

"ದೊಡ್ಡ ದೊಡ್ಡ ಪಕ್ಷ ನೋಡಿ ನೋಡಿ ಜನಕ್ಕ ಸಾಕಾಗೇದ. ಮೂರನೇದು ಒಂದು ಬೇಕಾಗೇದ."

"ಆ ಮೂರನೇದು ಏನು ಮಾಡ್ತದ?"

"ಮಧ್ಯಾಹ್ನ ಎಲ್ಲಾರನೂ ಮಲಗಸ್ತದ."

"ಎಲ್ಲಾರೂ ಮಲಗಿದರ ಪಾತ್ರಿ ಯಾರು ತಿಕ್ಕತಾರ?"

"ಇದು ರಾಷ್ಟ್ರೀಯ ಮಟ್ಟದ ವಿಚಾರ ಪದ್ಮಾ."

"ಪಾತ್ರಿನೂ ರಾಷ್ಟ್ರದಾಗ ಅವ."

ಹೆಂಗಸರಿಗೆ ರಾಜಕೀಯ ತಿಳಿಯುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡು ಮರುದಿನ ಸೂರತ್ ರೈಲು ಹತ್ತಿದೆ. ಪಕ್ಷದ ರಾಷ್ಟ್ರೀಯ ಕಾರ್ಯಾಲಯ ಇದ್ದದ್ದು ಸೂರತ್ತಿನ ಉಧ್ನಾದಲ್ಲಿ, ಒಂದು ಮಗ್ಗದ ಕಾರ್ಖಾನೆಯ ಮೇಲಿನ ಕೋಣೆಯಲ್ಲಿ. ಕೆಳಗೆ ನಲವತ್ತು ಮಗ್ಗಗಳು ಹಗಲೂ ರಾತ್ರಿ ಖಟಖಟ ಎನ್ನುತ್ತಿದ್ದವು. ರಾಷ್ಟ್ರೀಯ ಅಧ್ಯಕ್ಷ ಬಾಲಚಂದ್ರಭಾಯಿ ಕಿವಿಗೆ ಹತ್ತಿ ಇಟ್ಟುಕೊಂಡು ಮಂಚದ ಮೇಲೆ ಕೂತಿದ್ದರು. ಹನ್ನೊಂದು ವರ್ಷದಿಂದ ಅವರಿಗೆ ಮಧ್ಯಾಹ್ನ ಕಣ್ಣು ಹತ್ತಿಲ್ಲವಂತೆ. ಪಕ್ಷ ಹುಟ್ಟಿದ್ದೇ ಆ ಸಂಕಟದಲ್ಲಿ.

"ಚಿಹ್ನೆಗೆ ದಿಂಬು ಕೇಳಿ! ಸಿಗದಿದ್ದರೆ ಸೀಲಿಂಗ್ ಫ್ಯಾನ್!" ಎಂದು ಮಗ್ಗದ ಸದ್ದಿನ ಮೇಲೆ ಹಿಂದಿಯಲ್ಲಿ ಕೂಗಿದರು.

"ನನ್ನನ್ನೇ ಯಾಕೆ ಆರಿಸಿದಿರಿ?" ಎಂದು ನಾನೂ ಕೂಗಿದೆ, ಹೊಗಳಿಕೆಯ ಆಸೆಯಿಂದ.

"ಬಂದವರು ನೀವೊಬ್ಬರೇ!"

ಆದರೂ ಟಿಕೆಟ್ ಟಿಕೆಟ್ಟೇ. ಒಂದು ಷರತ್ತು ಮಾತ್ರ ಇತ್ತು. ನಮ್ಮಂಥ ಮಾನ್ಯತೆ ಇಲ್ಲದ ಪಕ್ಷದವನ ನಾಮಪತ್ರಕ್ಕೆ ಆ ಕ್ಷೇತ್ರದ ಹತ್ತು ಮತದಾರರು ಸೂಚಕರಾಗಿ ಸಹಿ ಹಾಕಬೇಕು. ಹತ್ತು! ನಾನು ನಕ್ಕೇಬಿಟ್ಟೆ. ಬರೋಡಾದಲ್ಲಿ ನಮ್ಮ ಕನ್ನಡ ಸಂಘದ ಮನೆಗಳೇ ನೂರಾ ನಲವತ್ತಿವೆ. ಗಣೇಶ ಚೌತಿಗೆ ಎಲ್ಲರಿಗೂ ಹೋಳಿಗೆ ಬಡಿಸಿದ ಕೈ ಇದು.

ಶುರುವಾಯಿತು ನನ್ನ ದಿಗ್ವಿಜಯ. ಹನ್ನೆರಡು ದಿನ ಸ್ಕೂಟರ್ ಮೇಲೆ ಮನೆಮನೆ ಸುತ್ತಿದೆ. ಕನ್ನಡದವರೆಲ್ಲ ಕಾಫಿ ಕೊಟ್ಟರು, ಚಕ್ಕುಲಿ ಕೊಟ್ಟರು, ನನ್ನ ಧೈರ್ಯ ಮೆಚ್ಚಿದರು. ಸಹಿಯ ಮಾತು ಬಂದ ಕೂಡಲೇ ಎಲ್ಲರದೂ ಒಂದೇ ಉತ್ತರ.

"ನಮ್ಮ ವೋಟು ಊರಲ್ಲಿದೆ ಸಾರ್."

ಒಬ್ಬರದು ತುಮಕೂರಿನಲ್ಲಿ, ಒಬ್ಬರದು ಶಿರಸಿಯಲ್ಲಿ, ಒಬ್ಬರದು ರಾಯಚೂರಿನಲ್ಲಿ. ಇಪ್ಪತ್ತು ವರ್ಷದಿಂದ ಇಲ್ಲಿ ಮನೆ ಕಟ್ಟಿ, ಮಕ್ಕಳಿಗೆ ಮದುವೆ ಮಾಡಿ, ಗುಜರಾತಿಯಲ್ಲಿ ಜಗಳವಾಡುವಷ್ಟು ಪಳಗಿದ್ದರೂ ವೋಟನ್ನು ಮಾತ್ರ ಯಾರೂ ಊರಿನಿಂದ ಕದಲಿಸಿರಲಿಲ್ಲ. ನಾವೆಲ್ಲ ವರ್ಗಾವಣೆಯ ಜನ. ನಾಳೆಯೇ ವಾಪಸ್ ಆರ್ಡರ್ ಬರುತ್ತದೆ ಎಂದುಕೊಂಡೇ ತಲೆ ನೆರೆದವರು. ಎಲ್ಲರ ಮೇಲೂ ಸಿಟ್ಟು ಬಂತು. ಮನೆಗೆ ಬಂದು ಕಪಾಟು ತೆಗೆದು ನನ್ನ ಕಾರ್ಡು ನೋಡಿಕೊಂಡೆ. ಅದು ಬಾಗಲಕೋಟೆಯದು!

ಬೆವರು ಒರೆಸಿಕೊಂಡು ಚುನಾವಣಾ ಕಚೇರಿಗೆ ಓಡಿದೆ. ಕ್ಲಾರ್ಕು ತಂಪಾಗಿ ಹೇಳಿದ, "ಚಿಂತೆ ಬೇಡ ಕಾಕಾ. ದೇಶದ ಯಾವ ಮೂಲೆಯಲ್ಲಿ ವೋಟಿದ್ದರೂ ಇಲ್ಲಿ ನಿಲ್ಲಬಹುದು. ಊರಿನಿಂದ ಮತದಾರರ ಪಟ್ಟಿಯ ನಕಲು ತರಿಸಿ. ನಿಮಗೆ ನೀವು ವೋಟು ಹಾಕಿಕೊಳ್ಳುವುದಕ್ಕೆ ಮಾತ್ರ ಆಗೋದಿಲ್ಲ, ಅಷ್ಟೇ." ಅಷ್ಟೇ ಅಂತೆ! ಖಾತ್ರಿಯಿದ್ದ ಒಂದೇ ಒಂದು ವೋಟೂ ಹೋಯಿತು. ಬಾಗಲಕೋಟೆಯ ಅಣ್ಣನ ಮಗ ಅನಿರುದ್ಧನಿಗೆ ಫೋನ್ ಮಾಡಿ, ಬೈಸಿಕೊಂಡು, ನಕಲು ತರಿಸಿದೆ.

ಇನ್ನು ಗುಜರಾತಿ ನೆರೆಹೊರೆಯವರು. ಇಲ್ಲಿಯ ಜನ 'ಇಲ್ಲ' ಅನ್ನುವುದಿಲ್ಲ, ಅದೇ ನನ್ನ ಪ್ರಾಣ ತೆಗೆದದ್ದು. "ಚೋಕ್ಕಸ್ ಭೀಮಸೇನಭಾಯಿ, ಚೋಕ್ಕಸ್," ಖಂಡಿತ, ಖಂಡಿತ ಎಂದು ಎದೆ ಮುಟ್ಟಿಕೊಂಡು ಹೇಳುತ್ತಾರೆ. ಪೆನ್ನು ತೆಗೆದರೆ ಅಂಗಡಿಯ ಶಟರ್ ಎಳೆಯುತ್ತಾರೆ. "ವೋಟು ಗುಟ್ಟಾಗಿರುತ್ತದೆ, ಸಹಿ ಗುಟ್ಟಾಗಿರುತ್ತದೆಯೇ? ನನಗೆ ವ್ಯಾಪಾರ ಇದೆ," ಎಂದು ಕೊನೆಗೊಬ್ಬ ಪುಣ್ಯಾತ್ಮ ಬಾಯಿಬಿಟ್ಟು ಹೇಳಿದ ಮೇಲೆ ನನಗೆ ವಿಷಯ ಅರ್ಥವಾಯಿತು. ವ್ಯಾಪಾರ ಇಲ್ಲದವರನ್ನು ಹುಡುಕಿಕೊಂಡು ಹೊರಟೆ. ಬಟ್ಟೆ ಇಸ್ತ್ರಿಯವನು, ಬೀಗದ ಕೈ ಮಾಡುವವನು, ನಮ್ಮ ಹೌಸಿಂಗ್ ಸೊಸೈಟಿಯ ಇಬ್ಬರು ಕಾವಲುಗಾರರು, ಹೀಗೆ ಮಧ್ಯಾಹ್ನದ ನಿದ್ದೆಯ ಬೆಲೆ ಬಲ್ಲ ಒಂಬತ್ತು ಜನ ಸಿಕ್ಕರು. ಹತ್ತನೆಯವರು ನಮ್ಮ ಸಂಘದ ಕಾರ್ಯದರ್ಶಿ ರಘುರಾಮ. "ನನ್ನ ವೋಟು ಇಲ್ಲೇ ಇದೆ, ನನಗೆ ಗ್ಯಾರಂಟಿ," ಎಂದು ಠೀವಿಯಿಂದ ಸಹಿ ಜಡಿದರು.

ಕೊನೆಯ ದಿನ. ಮೂರು ಗಂಟೆಗೆ ಬಾಗಿಲು ಬಂದ್. ನಾನು ಹೊಸ ಜುಬ್ಬಾ ಹಾಕಿಕೊಂಡು ಒಂದೂವರೆಗೇ ಹಾಜರ್. ಕ್ಲಾರ್ಕು ಒಂದೊಂದೇ ಹೆಸರು ಮತದಾರರ ಪಟ್ಟಿಯಲ್ಲಿ ತಾಳೆ ನೋಡಿದ. ಒಂಬತ್ತು ಸರಿ ಬಂದವು. ಹತ್ತನೆಯದಕ್ಕೆ ಕನ್ನಡಕ ಏರಿಸಿದ, ಇಳಿಸಿದ, ಕಂಪ್ಯೂಟರಿನಲ್ಲಿ ಹುಡುಕಿದ.

"ಕಾಕಾ, ಈ ರಘುರಾಮ ದಾವಣಗೆರೆಯಲ್ಲಿದ್ದಾರೆ."

"ಇಲ್ಲಪ್ಪ, ಇಲ್ಲೇ ಕಾರೇಲಿಬಾಗಿನಲ್ಲಿದ್ದಾರೆ."

"ಅವರು ಇಲ್ಲಿದ್ದಾರೆ. ಅವರ ವೋಟು ದಾವಣಗೆರೆಯಲ್ಲಿದೆ."

ಗಂಟೆ ಎರಡು ಆಗುತ್ತಿತ್ತು. ಇಪ್ಪತ್ತಾರು ವರ್ಷ ಸಾವಿರಾರು ಜನರಿಗೆ ಸಹಿ ಕೊಟ್ಟವನಿಗೆ ಒಂದು ಸಹಿ ಕೊಡುವವರಿಲ್ಲವಲ್ಲ ಎಂದು ಅಲ್ಲೇ ಬೆಂಚಿನ ಮೇಲೆ ಕುಸಿದೆ. ಕ್ಲಾರ್ಕಿಗೆ ಕನಿಕರ ಬಂದು ನಮ್ಮ ಸೊಸೈಟಿಯ ಪುಟ ತೆಗೆದ. ಬೆರಳು ಇಳಿಸುತ್ತಾ ಹೋಗಿ ತಟ್ಟನೆ ನಿಂತ.

"ಪದ್ಮಾವತಿಬೆನ್ ಭೀಮಸೇನ. ಬಿ-ಹದಿನಾಲ್ಕು. ಇವರು ಯಾರು?"

ನನ್ನ ಹೆಂಡತಿ! ಬಿ-ಹದಿನಾಲ್ಕು ನನ್ನದೇ ಮನೆ! ನಾನು ಕ್ಲಾರ್ಕಿನ ಕೈ ಹಿಡಿದು ಕುಲುಕಿದೆ. ರಿಕ್ಷಾ ಹತ್ತಿ ಮನೆ ಮುಟ್ಟುವ ತನಕ ಲೋಕಸಭೆಯ ಮೆಟ್ಟಿಲು ಕಣ್ಣ ಮುಂದೆಯೇ ಇತ್ತು.

ಪದ್ಮಾ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಗಂಟೆ ಎರಡೂ ಇಪ್ಪತ್ತು.

"ನಿನ್ನ ವೋಟು ಇಲ್ಲಿ ಯಾವಾಗ ಬಂತು?" ಎಂದೆ ಏದುಸಿರು ಬಿಡುತ್ತಾ.

"ಹನ್ನೆರಡು ವರ್ಷ ಆತು. ಸೊಸೈಟಿಯಾಗ ಕ್ಯಾಂಪ್ ಹಾಕಿದ್ರು. ನೀವು ಊರಿನ ಕಾರ್ಡು ಇರಲಿ ಅಂದ್ರಿ. ನಾ ಇರೋದು ಇಲ್ಲೆ, ಅದಕ್ಕ ಫಾರ್ಮ್ ತುಂಬಿದೆ."

"ನನಗ ಗೊತ್ತೇ ಇಲ್ಲಲ್ಲ!"

"ಪ್ರತಿ ಸಲ ಬೆರಳಿಗೆ ಮಸಿ ಹಚ್ಚಿಸಿಕೊಂಡು ಬಂದು ನಿಮಗ ಊಟಕ್ಕ ಬಡಿಸೀನಿ."

ಆ ಮಸಿಯನ್ನು ನಾನು ಹನ್ನೆರಡು ವರ್ಷ ಬದನೆಕಾಯಿಯ ಕಲೆ ಅಂದುಕೊಂಡಿದ್ದೆ. ಅದನ್ನು ಹೇಳುವ ಹೊತ್ತು ಅದಲ್ಲ. ಕಾಗದ ಚಾಚಿ, ಪೆನ್ನಿನ ಮುಚ್ಚಳ ತೆಗೆದು ಹಿಡಿದೆ. ಅವಳು ಕೈ ಒರೆಸಿಕೊಂಡು ಕಾಗದ ಓದಿದಳು. ಪೆನ್ನು ಮುಟ್ಟಲಿಲ್ಲ.

"ನಾ ವಿಮಲಾಬೆನ್‌ಗೆ ಸೂಚಕಳಾಗಿ ಸಹಿ ಹಾಕೀನಿ."

"ಯಾವ ವಿಮಲಾಬೆನ್?"

"ಬ್ಲೌಸ್ ಹೊಲಿಯೋಕಿ. ಸ್ವತಂತ್ರ ಅಭ್ಯರ್ಥಿ. ನೀವು ಉಧ್ನಾಕ್ಕ ಹೋದ ದಿನ ಬಂದಿದ್ಲು. ಕುಂತ್ಲು, ಚಹಾ ಕುಡಿದ್ಲು, ಏನೇನು ಮಾಡ್ತೀನಿ ಅಂತ ಎಲ್ಲಾ ಹೇಳಿದ್ಲು. ನಾ ಪಾತ್ರಿ ವಿಚಾರ ಕೇಳಿದೆ. ಅಕಿ ಅದನ್ನೂ ಬರಕೊಂಡ್ಲು."

ಆದರೂ ಇಪ್ಪತ್ತಾರು ವರ್ಷ ನಿಯಮಗಳ ನಡುವೆ ಬದುಕಿದವನು ನಾನು. "ಇಬ್ಬರಿಗೂ ಸಹಿ ಹಾಕಬಹುದು ಪದ್ಮಾ. ಕಾನೂನಿನಾಗ ಅಡ್ಡಿ ಇಲ್ಲ," ಎಂದೆ.

"ಕಾನೂನಿನಾಗ ಇಲ್ಲ. ನನಗ ಅದ."

ಅಂಗಲಾಚಿದೆ. ಮೂವತ್ತೈದು ವರ್ಷದ ಸಂಸಾರ ನೆನಪಿಸಿದೆ. ನಾಚಿಕೆ ಬಿಟ್ಟು ಕಣ್ಣೀರೂ ಹಾಕಿದೆ, ಸುಳ್ಳಲ್ಲ, ನಿಜವಾದ ಕಣ್ಣೀರು. ನನಗೂ ಒಂದು ಸಲ ಯಾರಿಗಾದರೂ ಬೇಕಾದವನಾಗುವ ಆಸೆ ಇತ್ತು ಎಂದೆ. ಅವಳ ಮುಖ ಮೆತ್ತಗಾಯಿತು. ಒಂದು ಲೋಟ ನೀರು ತಂದು ಕೈಗೆ ಕೊಟ್ಟಳು. ಪೆನ್ನು ಮಾತ್ರ ಮುಟ್ಟಲಿಲ್ಲ.

ಪಕ್ಕದ ಶಾಲೆಯಲ್ಲಿ ಮೂರು ಗಂಟೆಯ ಬೆಲ್ಲು ಹೊಡೆಯಿತು. ನಾನು ಪೆನ್ನಿನ ಮುಚ್ಚಳ ಹಾಕಿದೆ.

"ಹೆಂಡತಿಯಾಗಿ ನೀ ನನಗ ಒಂದು ಮಾತು ಮೊದಲ ಹೇಳಬಾರದಿತ್ತಾ?" ಎಂದೆ, ಸೋತ ದನಿಯಲ್ಲಿ.

ಪದ್ಮಾ ನನ್ನ ಎದುರು ಕುರ್ಚಿ ಎಳೆದುಕೊಂಡು ಕೂತಳು.

"ಹನ್ನೆರಡು ದಿನ ಬರೋಡಾದಾಗ ಎಲ್ಲಾರ ಮನಿಗೂ ಹೋಗಿ ಕೇಳಿದ್ರಿ," ಎಂದಳು. "ನಮ್ಮ ಮನಿಗೆ ಮಾತ್ರ ಬರಲೇ ಇಲ್ಲ."