‘ಏರಿಯಂ’ ಸಮಿತಿಯ ಕಡೆಯ ರುಜು

ಮೂರು ಜನ ವಿದ್ವಾಂಸರನ್ನು ಒಂದು ಮೇಜಿನ ಸುತ್ತ ಕೂರಿಸಿ ಕಾಫಿ ಕೊಟ್ಟರೆ ಸಾಕು, ನಗೆನಾಟಕ ತಾನಾಗಿ ನಡೆಯುತ್ತದೆ. ಯಾರೂ ಶ್ರಮಪಡಬೇಕಾಗಿಲ್ಲ.

ಸ್ವಾತಂತ್ರ್ಯ ಬಂದ ಹೊಸತರಲ್ಲಿ, ವಿಜ್ಞಾನವನ್ನು ಕನ್ನಡದಲ್ಲೇ ಕಲಿಸಬೇಕೆಂಬ ಉತ್ಸಾಹ ಹುಟ್ಟಿ, ಪದಗಳನ್ನು ಕಟ್ಟಿಕೊಡಲು ನಜರ್‌ಬಾದಿನ ಹಳೆಯ ಬಂಗಲೆಯೊಂದರಲ್ಲಿ ಸಮಿತಿ ಕೂತಿತು. ಅಧ್ಯಕ್ಷರು, ಒಬ್ಬ ಸಂಸ್ಕೃತ ಪಂಡಿತರು, ಇಂಗ್ಲೆಂಡಿನಲ್ಲಿ ಓದಿ ಬಂದಿದ್ದ ಸಸ್ಯಶಾಸ್ತ್ರದ ಪ್ರೊಫೆಸರರು. ಎಂ.ಎ. ಮಾಡಿದ್ದ ತಪ್ಪಿಗೆ ನಾನು ತಾತ್ಕಾಲಿಕ ಸಹಾಯಕ. ನನ್ನ ಆರ್ಡರಿನಲ್ಲಿ ಎರಡೇ ಮಾತು: ವರ್ಷ ತುಂಬಿದರೆ ಕೆಲಸ ಕಾಯಂ, ಅದಕ್ಕೆ ಮೊದಲೇ ಸಮಿತಿ ಮುಗಿದರೆ ಮನೆ.

೧. ತೊಟ್ಟಿ

ಪಟ್ಟಿಯ ಕೊನೆಗೆ ಉಳಿದದ್ದು ‘ಏರಿಯಂ’ ಎಂಬ ಲ್ಯಾಟಿನ್ ಪ್ರತ್ಯಯ. ಪ್ರೊಫೆಸರರು ವಿವರಿಸಿದರು: “ವಸ್ತುವಿನ ಹೆಸರಿಗೆ ಇದನ್ನು ಅಂಟಿಸಿದರೆ ಅದನ್ನು ಇಡುವ ಜಾಗ ಅಂತ ಅರ್ಥ. ಅಕ್ವಾ ಅಂದ್ರೆ ನೀರು. ಅಕ್ವೇರಿಯಂ.”

“ಅಲ್ಲಿರೋದು ಮೀನಲ್ವೇನ್ರೀ?” ಎಂದರು ಪಂಡಿತರು.

“ಅದು ಈಚಿನವರ ಬಳಕೆ. ರೋಮಿನವರಿಗೆ ಅದು ದನಕ್ಕೆ ನೀರು ಕುಡಿಸೋ ಜಾಗ.”

“ಹಾಗನ್ನಿ! ನಮ್ಮೂರ ಕಲ್ಲುತೊಟ್ಟಿ. ಅದಕ್ಕೆ ಗಾಜು ಹಾಕಿ ಟಿಕೇಟು ಮಾಡಿದ್ರಾ?”

ಅಂದಿನ ನಡಾವಳಿಯಲ್ಲಿ ‘ಚರ್ಚೆ ಫಲಪ್ರದವಾಗಿತ್ತು’ ಎಂದು ಬರೆದೆ.

೨. ಜನಾಭಿಪ್ರಾಯ

ಈ ಪ್ರತ್ಯಯಕ್ಕೆ ಕನ್ನಡದಲ್ಲಿ ‘ಆಲಯ’ ಇರಲಿ ಎಂದು ಪಂಡಿತರು, ‘ಶಾಲೆ’ ಎಂದು ಪ್ರೊಫೆಸರರು, ‘ಮನೆ’ ಎಂದು ಅಧ್ಯಕ್ಷರು. ಮೂರು ತಿಂಗಳು ಯಾರೂ ಕದಲಲಿಲ್ಲ. ಮೂವರಿಗೂ ಆರೋಗ್ಯ ಚೆನ್ನಾಗಿರಲಿ ಎಂದು ನಾಸ್ತಿಕನಾದ ನಾನೂ ಹಾರೈಸಿದೆ.

ಬೇಸತ್ತ ಅಧ್ಯಕ್ಷರು ಜನಸಾಮಾನ್ಯರನ್ನೇ ಕೇಳೋಣ ಎಂದರು. ಗೇಟಿನ ಹೊರಗೆ ಸಿಕ್ಕ ಜನಸಾಮಾನ್ಯ ಒಬ್ಬನೇ, ಜಟಕಾದವನು. ಅವನನ್ನು ಕರೆಸಿದರು. ಪ್ರೊಫೆಸರರು ಹರ್ಬೇರಿಯಂ ಅನ್ನು ಮನಸ್ಸಿನಲ್ಲಿಟ್ಟುಕೊಂಡು, “ಒಣಗಿದ ಗಿಡಗಳನ್ನೆಲ್ಲ ತಂದು ಇಡೋ ಜಾಗಕ್ಕೆ ಏನಂತೀಯಪ್ಪ?” ಎಂದರು.

ಅವನು ಮೂವರನ್ನೂ ಒಮ್ಮೆ ನೋಡಿ ಹೇಳಿದ: “ಒಲೆ ಅಂತೀವಿ ಬುದ್ಧಿ.”

೩. ದಾಯಾದಿ

ಕಡೆಗೆ ಮೇಲಿನಿಂದ ಕಾಗದ ಬಂತು: ವರದಿ ಕೊಡಿ, ಇಲ್ಲವೇ ಬಂಗಲೆ ಬಿಡಿ. ಒಂದೇ ಗಳಿಗೆಯಲ್ಲಿ ಮೂವರಿಗೂ ‘ಆಲಯ’ ಒಪ್ಪಿಗೆಯಾಯಿತು. ಎಲ್ಲರೂ ರುಜು ಹಾಕಿದರೆ ಸಮಿತಿ ಮುಗಿಯಿತು. ನನ್ನ ವರ್ಷ ತುಂಬುವುದಕ್ಕೆ ಒಂದು ದಿನ ಬಾಕಿ.

ಇಬ್ಬರ ರುಜು ಆಯಿತು. ಕಾಗದ ಪಂಡಿತರ ಮುಂದಿಟ್ಟೆ.

“ಯಾಕ್ರೀ, ಮುಖ ಬಾಡಿದೆ?” ಎಂದರು ಮೆಲ್ಲಗೆ. ನಾನೂ ಮೆಲ್ಲಗೆ ವಿಷಯ ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿ ಪ್ರೊಫೆಸರರ ಕಡೆ ತಿರುಗಿದರು.

“ಲ್ಯಾಟಿನ್ನಿಗೂ ಸಂಸ್ಕೃತಕ್ಕೂ ಏನೋ ಸಂಬಂಧ ಅಂದಿದ್ರಿ?”

“ಎರಡೂ ಒಂದೇ ವಂಶ.”

“ದಾಯಾದಿ. ಈಗ ಹೇಗಿದೆ?”

“ಸತ್ತು ಶತಮಾನಗಳಾದವು.”

ಪಂಡಿತರು ಕುರ್ಚಿ ಹಿಂದಕ್ಕೆ ಸರಿಸಿ ಎದ್ದರು. “ಈಗ ಹೇಳ್ತೀರಲ್ರೀ! ವರ್ಷ ಕಳೆದಿರೋದ್ರಿಂದ ಹತ್ತು ದಿನದ ಸೂತಕ ಇಲ್ಲ, ಸ್ನಾನ ಮಾತ್ರ. ಆದರೆ ಸಾವಿನ ಸುದ್ದಿ ಕೇಳಿ, ಸ್ನಾನ ಮಾಡದೆ ರುಜು ಹಾಕೋನಲ್ಲ ನಾನು.”

“ತಮಾಷೆ ಸಾಕು ಸ್ವಾಮಿ,” ಎಂದರು ಅಧ್ಯಕ್ಷರು.

“ಸಾವಿನ ಮನೇಲಿ ತಮಾಷೆಯೇ?” ಎಂದು ಪಂಡಿತರು ಉತ್ತರೀಯ ಕೊಡವಿ ಹೊರಟೇಬಿಟ್ಟರು. ರುಜು ಬಿದ್ದದ್ದು ಮೂರನೆಯ ದಿನ. ಅಷ್ಟು ಹೊತ್ತಿಗೆ ನಾನು ಕಾಯಂ.

ಅವರು ಎದ್ದುಹೋದ ಆ ಸಂಜೆ ನಾನು ಬಂಗಲೆಗೆ ಬೀಗ ಹಾಕಿ ಹೊರಡುವಾಗ, ಗೇಟಿನ ಬಳಿ ಪ್ರೊಫೆಸರರು ಸೂಟು, ಟೈ ಸಮೇತ ಕಾಯುತ್ತಿದ್ದರು. ಪಂಡಿತರ ಮೂಢನಂಬಿಕೆಯನ್ನು ಐದು ನಿಮಿಷ ಬೈದರು. ನಾನು ತಲೆಯಾಡಿಸಿದೆ. ಆಮೇಲೆ ಅತ್ತಿತ್ತ ನೋಡಿ ದನಿ ತಗ್ಗಿಸಿದರು.

“ಅಲ್ಲ ಕಣ್ರೀ, ನಾಳೆ ನಮ್ಮನೇಲಿ ಸತ್ಯನಾರಾಯಣ ಪೂಜೆ. ಗಿಡಗಳ ಹೆಸರು ಅಂತ ನಾನು ದಿನಾ ಲ್ಯಾಟಿನ್ ಮುಟ್ಟೋನು. ಪಂಡಿತರನ್ನ ಸ್ವಲ್ಪ ಕೇಳಿ. ನನ್ನ ಹೆಸರು ಹೇಳಬೇಡಿ. ತಲೆಗೂ ನೀರು ಹಾಕ್ಕೋಬೇಕೋ, ಮೈಗೆ ಮಾತ್ರ ಸಾಕೋ?”